ಹಡಗಿನ ಮೇಲೆ ಹೆಣ್ಣು ನೋಡಿದ್ದು

17 ಜನವರಿ 2007, ಬುಧವಾರ

ಬೆಳಿಗ್ಗೆಯಿಂದ ಅಂಗಡಿ. ಎರಡು ಮೋಟಾರ್ ಹೋದವು, ಒಂದು ರಿಪೇರಿಗೆ ವಾಪಸ್ ಬಂತು. ಪೈಪಿನ ಲೋಡ್ ಇನ್ನೂ ಬಂದಿಲ್ಲ. ಮುಂದಿನ ತಿಂಗಳು ಕಾಫಿ ತೋಟದವರು ಸ್ಪ್ರಿಂಕ್ಲರ್ ಶುರು ಮಾಡಿದರೆ ಊಟಕ್ಕೂ ಪುರಸೊತ್ತಿರಲ್ಲ.

ಇಂಥ ಟೈಮಲ್ಲಿ ರೇಣುಕ ಹೇಳ್ತಾನೆ — "ಅತ್ತಿಗೆ, ಒಂದು ವಾರ ಅಂಗಡಿ ಬಾಗಿಲು ಹಾಕಣ. ಪಂಪ್ ಕಂಪನಿಯವರು ಡೀಲರ್‌ಗಳನ್ನೆಲ್ಲ ಫ್ಯಾಮಿಲಿ ಸಮೇತ ಹಡಗಲ್ಲಿ ಕರ್ಕೊಂಡು ಹೋಗ್ತಾರಂತೆ. ಗೋವಾದಿಂದ."

ನನ್ನ ಮೈದುನ ಅಂದರೆ ಮಗಳ ನಾಮಕರಣದ ದಿನವೂ ಮಧ್ಯಾಹ್ನ ಅಂಗಡಿ ತೆಗೆದ ಆಸಾಮಿ. ಅವನ ಬಾಯಲ್ಲಿ ಬಾಗಿಲು ಹಾಕಣ ಅನ್ನೋ ಮಾತು!

ಅದೂ ಹೋಗಲಿ. ಅತ್ತೆ ಒಳಗಿಂದ ಕೂಗಿದರು — "ನಾನೂ ಬರ್ತೀನಿ." ನರಸಿಂಹರಾಜಪುರದಿಂದ ಕೊಪ್ಪಕ್ಕೆ ಹೋಗಬೇಕಾದರೆ ಕೈಯಲ್ಲಿ ನಿಂಬೆಹಣ್ಣು ಹಿಡ್ಕೊಂಡು ಕಣ್ಣು ಮುಚ್ಚಿ ಕೂರುವವರು. ಎಪ್ಪತ್ನಾಲ್ಕು ವರ್ಷ. ಹಡಗು ಹತ್ತುತ್ತಾರಂತೆ.

ಏನೋ ಇದೆ.

19 ಜನವರಿ, ಶುಕ್ರವಾರ

ರೇಣುಕನ ಹೆಂಡತಿ ಸುಮನಾ ಶಿವಮೊಗ್ಗಕ್ಕೆ ಹೋಗಿ ಬಂದಳು. ಮಗಳು ಶಿಲ್ಪಶ್ರೀಗೆ ಎರಡು ಚೂಡಿದಾರ್. ಸರಿ. ನನಗೊಂದು ಸೀರೆ — ಗಿಳಿಹಸಿರು, ಜರಿ ಅಂಚು. ಇವರು ತೀರಿಕೊಂಡು ಒಂಬತ್ತು ವರ್ಷ ಆಯಿತು. ಅವತ್ತಿನಿಂದ ಈ ಮನೆಯಲ್ಲಿ ನನಗೆ ಬೂದು, ಕಂದು, ತಿಳಿನೀಲಿ ಬಿಟ್ಟು ಬೇರೆ ಬಣ್ಣ ಬಂದಿಲ್ಲ. ನಾನು ಕೇಳಿಯೂ ಇಲ್ಲ.

"ಎಂತಕ್ಕೆ ಮಾರಾಯ್ತಿ ಇದು?" ಅಂದೆ.

"ಕಂಪನಿಯವರು ಫೋಟೋ ತೆಗೀತಾರೆ ಅಕ್ಕ. ಚೆಂದ ಕಾಣಬೇಕಲ್ಲ."

ಹೇಳುವಾಗ ನನ್ನ ಮುಖ ನೋಡಲಿಲ್ಲ. ಸೀರೆ ಕೊಟ್ಟು ಬಾಯಿ ಮುಚ್ಚಿಸೋ ಉಪಾಯ. ಓರಗಿತ್ತಿಯ ಬುದ್ಧಿ ನನಗೆ ಗೊತ್ತಿಲ್ವಾ.

ಈಗ ಅರ್ಥ ಆಯಿತು. ಶಿಲ್ಪಶ್ರೀಗೆ ಗಂಡು ನೋಡಿದ್ದಾರೆ! ಹೋದ ವರ್ಷ ಕಡೂರಿನಿಂದ ಬಂದವರನ್ನು ನಾನೇ ಕಾಫಿ ಕುಡಿಸಿ ಸಾಗಹಾಕಿದ್ದೆ. ಹುಡುಗಿ ಬಿ.ಎಸ್ಸಿ. ಕೊನೇ ವರ್ಷ. "ದೊಡ್ಡಮ್ಮ, ನಾನು ಎಂ.ಎಸ್ಸಿ. ಮಾಡಬೇಕು" ಅಂದಿದ್ದಾಳೆ, ನಾನು ಆಗಲಿ ಅಂತ ಮಾತು ಕೊಟ್ಟಿದ್ದೇನೆ. ನನ್ನನ್ನು ಪಿ.ಯು.ಸಿ. ಪರೀಕ್ಷೆ ಬರೆಯೋಕ್ಕೂ ಬಿಡದೆ ಮಂಟಪ ಹತ್ತಿಸಿದರು. ಅದು ಅವಳಿಗೆ ಆಗಕೂಡದು. ಹೆತ್ತವಳು ಸುಮನಾ ಇರಬಹುದು, ಜಡೆ ಹಾಕಿ ಸ್ಕೂಲಿಗೆ ಕಳಿಸಿದ್ದು ನಾನು.

ಮನೆಯಲ್ಲಿ ತೋರಿಸಿದರೆ ನಾನು ಅಡ್ಡ ಬರ್ತೀನಿ ಅಂತ ನೀರಿನ ಮೇಲೆ ತೋರಿಸೋ ಪ್ಲಾನ್. ಇರಲಿ. ನಾನೂ ಹತ್ತುತ್ತೇನೆ ಹಡಗು.

27 ಜನವರಿ, ಶನಿವಾರ. ಮಂಗಳೂರು ಸ್ಟೇಷನ್

ಇಲ್ಲಿವರೆಗೆ ಬಾಡಿಗೆ ಸುಮೋ, ಇಲ್ಲಿಂದ ಗೋವಾಕ್ಕೆ ರೈಲು. ಕೊಪ್ಪದಲ್ಲಿ ತಿಂಡಿ. ಶೃಂಗೇರಿ ದಾಟಿ ಕೆರೆಕಟ್ಟೆ ತಿರುವು ಶುರುವಾಗಿದ್ದೇ ಅತ್ತೆ ವಾಂತಿ. ಮತ್ತೆ ವಾಂತಿ. ನಾನು ಬೆನ್ನು ನೀವುತ್ತಾ, "ವಾಪಸ್ ಹೋಗಣ ಅತ್ತೆ, ಯಾವ ಕರ್ಮಕ್ಕೆ ಇದೆಲ್ಲ" ಅಂದೆ. ಸೆರಗಲ್ಲಿ ಬಾಯಿ ಒರೆಸಿಕೊಂಡು ಡ್ರೈವರಿಗೆ — "ನಡಿಯಪ್ಪ ಮುಂದೆ."

ಕಾರ್ಕಳದಲ್ಲಿ ಕಾಫಿಗೆ ನಿಲ್ಲಿಸಿದಾಗ ರೇಣುಕ ಮೊಬೈಲ್ ಹಿಡ್ಕೊಂಡು ದೂರ ಹೋದ. ನಾನು ಕೈ ತೊಳೆಯುವ ನೆಪದಲ್ಲಿ ಹಿಂದೆ ಹೋದೆ.

"ಹೂಂ, ಹೊರಟಿದೀವಿ... ಇಲ್ಲ, ಅವರಿಗೆ ಹೇಳಿಲ್ಲ. ಹೇಳಿದ್ರೆ ಬರ್ತಿರಲಿಲ್ಲ."

ಪಾಪದ ಹುಡುಗಿ. ಹಿಂದಿನ ಸೀಟಿನಲ್ಲಿ ಕೋಡುಬಳೆ ತಿನ್ನುತ್ತಾ ಕೂತಿದ್ದಳು. ಏನೂ ಗೊತ್ತಿಲ್ಲ ಅದಕ್ಕೆ.

28 ಜನವರಿ, ಭಾನುವಾರ ಸಂಜೆ. ಹಡಗು

ದೊಡ್ಡದು. ನಮ್ಮ ಪೇಟೆ ಬೀದಿಯನ್ನು ಎತ್ತಿ ಒಳಗಿಟ್ಟರೂ ಜಾಗ ಉಳಿಯುತ್ತೆ. ಮೊದಲಿಗೇ ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಸಿ ಸಾಲಾಗಿ ನಿಲ್ಲಿಸಿದರು. ಮುಳುಗಿದರೆ ಏನು ಮಾಡಬೇಕು ಅಂತ ಪಾಠ. ಹತ್ತಿಸಿಕೊಂಡ ಮೇಲೆ ಹೇಳ್ತಾರೆ ನೋಡಿ!

ಅತ್ತೆಗೆ ಜಾಕೆಟ್ಟಿನ ದಾರ ಕಟ್ಟಲಿಕ್ಕೆ ಬರಲಿಲ್ಲ. ಪಕ್ಕದಲ್ಲಿದ್ದ ಒಬ್ಬರು ಬಗ್ಗಿ ಕಟ್ಟಿಕೊಟ್ಟರು. ಅತ್ತೆ ಗುರುತಿನವರ ಹಾಗೆ ನಕ್ಕರು. ಯಾರು ಅಂತ ವಿಚಾರಿಸಿದೆ. ಸೋಮನಾಥ್, ತರೀಕೆರೆಯ ಡೀಲರ್. ಐವತ್ತರ ಹತ್ತಿರ ಇರಬಹುದು. ಜೊತೆಗೆ ಅಕ್ಕ ಶಿವಗಂಗಮ್ಮ. ಅಕ್ಕನ ಮಗ ಪಂಚಾಕ್ಷರಿ — ದನದ ಡಾಕ್ಟರು, ಇಪ್ಪತ್ತೇಳು ವರ್ಷ, ಮದುವೆಯಾಗಿಲ್ಲ.

ಸಿಕ್ಕಿಬಿದ್ದರು.

ಊಟಕ್ಕೆ ಅವರ ಟೇಬಲ್ಲೂ ನಮ್ಮ ಟೇಬಲ್ಲೂ ಅಕ್ಕಪಕ್ಕ. ಅದೂ ತಾನಾಗಿ ಆಯಿತಂತೆ. ಸುಮನಾ ಕಿವಿಯಲ್ಲಿ, "ಆ ಸೋಮನಾಥ್ ಅವರ ಹೆಂಡತಿ ತೀರಿಕೊಂಡು ಆರು ವರ್ಷ ಆಯಿತಂತೆ ಅಕ್ಕ, ಪಾಪ, ಮಕ್ಕಳೂ ಇಲ್ಲ" ಅಂದಳು. ಹುಡುಗನ ಮಾವನ ಕಥೆ ಕಟ್ಟಿಕೊಂಡು ನನಗೆಂತ ಆಗಬೇಕು? ಹುಡುಗ ಎಂಥವನು ಅನ್ನೋದು ಬೇಕು.

29 ಜನವರಿ, ಸೋಮವಾರ, ಬೆಳಿಗ್ಗೆ

ಇವತ್ತು ಇಡೀ ದಿನ ಬರೀ ಸಮುದ್ರ. ಎಲ್ಲೂ ನಿಲ್ಲಲ್ಲ. ಇವತ್ತು ಯಾರೂ ಏನೂ ಮಾಡಬೇಡಿ, ಆರಾಮಾಗಿರಿ ಅಂತ ಮೈಕಿನಲ್ಲಿ ಹೇಳಿದರು. ಆರಾಮಾಗಿರು ಅಂತ ಮೈಕಿನಲ್ಲಿ ಹೇಳಿದರೆ ಆಗುತ್ತಾ?

ಅತ್ತೆ ಮಂಚದ ಮೇಲೆ ಕೂತು ಲಿಂಗಪೂಜೆ ಮಾಡಿದರು. ಹಡಗು ವಾಲಿದಾಗ ವಿಭೂತಿ ಡಬ್ಬಿ ಆ ಕಡೆಯಿಂದ ಈ ಕಡೆಗೆ ಜಾರುತ್ತೆ, ನಾನು ಹಿಡಿದುಕೊಂಡು ಕೂತೆ. ಪೂಜೆ ಮುಗಿಸಿ ನನ್ನ ಕಡೆ ನೋಡಿ, "ಆ ಹಸಿರು ಸೀರೆ ಉಡೇ" ಅಂದರು. ಉಡಲಿಲ್ಲ. ಕಂದು ಸೀರೆಯಲ್ಲೇ ಹೊರಟೆ. ಕಾವಲಿಗೆ ಕಂದು ಸಾಕು.

11 ಗಂಟೆ. ಮೇಲಿನ ಡೆಕ್

ಒರಗು ಕುರ್ಚಿಯಲ್ಲಿ ಬರೀತಿದ್ದೇನೆ. ಗಾಳಿ ಚೆನ್ನಾಗಿದೆ. ಎಲ್ಲಿ ನೋಡಿದರೂ ನೀರು — ಒಂದು ಮರ ಇಲ್ಲ, ಒಂದು ಕಾಗೆ ಇಲ್ಲ. ರೇಣುಕ ಹೌಸಿ ಆಡ್ತಿದ್ದಾನೆ. ಸುಮನಾ ಯಾರದ್ದೋ ಕ್ಯಾಮೆರಾಕ್ಕೆ ಪೋಸ್ ಕೊಡ್ತಿದ್ದಾಳೆ.

ನನ್ನ ಕಣ್ಣು ಪಂಚಾಕ್ಷರಿ ಮೇಲೆ. ಹುಡುಗ ಬಾಯಿ ತೆರೆದು ಮಲಗಿದ್ದಾನೆ. ಶಿಲ್ಪ ಹತ್ತು ಮಾರು ದೂರದಲ್ಲಿ ಕಾಲು ಚಾಚಿ ಐಸ್‌ಕ್ರೀಂ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಎಂಥ ನಾಟಕ! ಅಷ್ಟು ನೋಡದೇ ಇರಬೇಕಾದರೆ ಯಾರೋ ಹೇಳಿಕೊಟ್ಟಿರಲೇಬೇಕು.

ಶಿವಗಂಗಮ್ಮ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ತವರು ಬಾಳೆಹೊನ್ನೂರಾ, ಅಣ್ಣತಮ್ಮ ಎಷ್ಟು ಜನ, ಅಂಗಡಿ ಲೆಕ್ಕವೆಲ್ಲ ನೀವೇ ನೋಡೋದಂತೆ, ಹೌದನಾ? ಹೂಂ, ಹೂಂ ಅಂದೆ. ಆಮೇಲೆ ನಿಧಾನಕ್ಕೆ — "ನಿಮ್ಮ ತವರಿನ ಬೆಡಗು ಯಾವುದಮ್ಮ?"

"ಮೆಣಸಿನೋರು."

"ಓ. ಒಳ್ಳೇದಾಯಿತು. ನಮ್ಮದು ಬೇರೆ." ಆಚೆ ಕೂತಿದ್ದ ಅತ್ತೆ ಕಡೆ ತಿರುಗಿ ತಲೆಯಾಡಿಸಿದರು. ಅತ್ತೆಯೂ ತಲೆಯಾಡಿಸಿದರು.

ಇನ್ನೆಂತ ಗುಮಾನಿ! ಒಂದೇ ಬೆಡಗಿನವರು ನಮ್ಮಲ್ಲಿ ಅಣ್ಣತಂಗಿ ಲೆಕ್ಕ, ಹೆಣ್ಣು ತರೋ ಹಾಗಿಲ್ಲ. ಮದುವೆ ಮಾತಿಗಲ್ಲದೆ ಬೆಡಗು ಯಾರು ಕೇಳ್ತಾರೆ? ಹಾಡಹಗಲೇ, ನನ್ನ ಹತ್ತಿರವೇ ಕೇಳಿ ಹೋದರು. ಎಷ್ಟು ಧೈರ್ಯ.

ಇವರ ಹತ್ತಿರ ಅಲ್ಲ, ಗಂಡಸಿನ ಹತ್ತಿರವೇ ನೇರ ಮಾತಾಡಬೇಕು.

3 ಗಂಟೆ

ಮಾತಾಡಿದೆ. ಸೋಮನಾಥ್ ಕಂಬಿ ಹಿಡಿದು ಟೀ ಕುಡಿಯುತ್ತಾ ನಿಂತಿದ್ದರು.

"ನೋಡಿ, ನಮ್ಮ ಹುಡುಗಿ ಓದು ಮುಗಿಸದೆ ಮದುವೆ ಆಗಲ್ಲ. ನಿಮ್ಮ ಹುಡುಗ ಡಾಕ್ಟರಾಗಲಿ ಡಿ.ಸಿ. ಆಗಲಿ. ನನ್ನ ಮೈದುನ ಏನು ಹೇಳಿದ್ದಾನೋ ಗೊತ್ತಿಲ್ಲ. ನಾನು ಬಿಡಲ್ಲ."

ಅವರು ಕಪ್ಪು ಕೆಳಗಿಟ್ಟರು. "ಯಾರಿಗೆ, ಪಂಚಾಕ್ಷರಿಗಾ? ಅವನ ಜೊತೆ ಓದಿದ ಹುಡುಗಿ ಜೊತೆ ಅವನಿಗೆ ನಿಶ್ಚಯ ಆಗಿದೆ. ಏಪ್ರಿಲ್‌ನಲ್ಲಿ ಲಗ್ನ."

ನಾನು ಅಷ್ಟಕ್ಕೆ ಬಿಡಲಿಲ್ಲ.

"ಮತ್ತೆ ನಿಮ್ಮ ಅಕ್ಕ ಬೆಡಗು ಯಾಕೆ ಕೇಳಿದ್ರು?"

ಆ ಮನುಷ್ಯನ ಮುಖ ಕೆಂಪಾಯಿತು. "ನಿಮಗೆ... ಮನೆಯಲ್ಲಿ ಏನೂ ಹೇಳಿಲ್ವಾ ಮೇಡಂ?" ಅಂದರು. ಆಮೇಲೆ, "ಇದು ಸರಿಯಾಗಲಿಲ್ಲ. ಇದು ಖಂಡಿತ ಸರಿಯಾಗಲಿಲ್ಲ" ಅಂತ ತಮಗೆ ತಾವೇ ಹೇಳಿಕೊಂಡು ಹೊರಟೇಬಿಟ್ಟರು. ಅರ್ಧ ಟೀ ಹಾಗೇ ಇತ್ತು.

ಕುರ್ಚಿಗೆ ಬಂದು ಕೂತೆ. ಶಿಲ್ಪಳಿಗಾಗಿದ್ದರೆ ನಮ್ಮ ಮನೆಯ ಬೆಡಗು ಕೇಳಬೇಕಿತ್ತು. ಅವಳಪ್ಪನದು. ರೇಣುಕನ ಹತ್ತಿರ. ನನ್ನ ತವರಿನದು ಯಾರಿಗೆ ಬೇಕು? ನನ್ನ ತವರಿನ ಬೆಡಗು ಹಿಂದೆ ಒಂದೇ ಸಲ ಕೇಳಿದ್ದರು. ನನ್ನ ಮದುವೆಗೆ.

ಅಯ್ಯೋ ದೇವರೇ.

ಹಸಿರು ಸೀರೆ. ಹೆಂಡತಿ ತೀರಿಕೊಂಡ ಕಥೆ. "ಅವರಿಗೆ ಹೇಳಿಲ್ಲ." ಅವರಿಗೆ ಅಂದರೆ ನನಗೆ! ನಲವತ್ಮೂರು ವರ್ಷದವಳನ್ನು ಕಂದು ಸೀರೆಯಲ್ಲಿ ಕೂರಿಸಿಕೊಂಡು ಹೆಣ್ಣು ನೋಡಿದ್ದಾರೆ! ನನಗೇ ಗೊತ್ತಿಲ್ಲದ ಹಾಗೆ!

6 ಗಂಟೆ. ರೂಮು

ಬರೆದುಬಿಡುತ್ತೇನೆ.

ಅತ್ತೆ ಮಲಗಿದ್ದರು. ಬಾಗಿಲು ಹಾಕಿ ಕೇಳಿದೆ. "ನಾನು ನಿಮಗೆಲ್ಲ ಭಾರ ಆದ್ನಾ? ಮನೆಯಿಂದ ಸಾಗಹಾಕಲಿಕ್ಕೆ ಹಡಗೇ ಬೇಕಾಯಿತಾ?"

ಎದ್ದು ಕೂತರು. ಹೆದರಲಿಲ್ಲ, ನಾಚಲಿಲ್ಲ.

"ಗೊತ್ತಾಯಿತಾ? ಒಳ್ಳೇದಾಯಿತು. ಹೇಳೋದು ಹೆಂಗೆ ಅಂತ ನನಗೂ ತಲೆಬಿಸಿ ಆಗಿತ್ತು."

"ಮನೆಯಲ್ಲಿ ಕೇಳಬಹುದಿತ್ತಲ್ಲ?"

"ಕೇಳಿದ್ದೆ ಕಣೆ. ಹೋದ ಶಿವರಾತ್ರಿಗೆ ಕೇಳಿದೆ, ಅಂಗಡಿಗೆ ಹೊತ್ತಾಯಿತು ಅಂತ ನೀನು ಎದ್ದು ಹೋದೆ. ದೀಪಾವಳಿ ದಿನ ಮಾತು ತೆಗೆದೆ, ಹಾಲು ಉಕ್ಕಿತು ಅಂತ ಎದ್ದು ಹೋದೆ. ಒಲೆ ಮೇಲೆ ಹಾಲೇ ಇರಲಿಲ್ಲ. ಇಲ್ಲಿ ಎಲ್ಲಿಗೆ ಹೋಗ್ತೀ? ಹೋಗು ನೋಡಣ."

ಕಿಟಕಿಯಲ್ಲಿ ನೀರು. ನಾನು ನಿಂತೇ ಇದ್ದೆ.

"ರೇಣುಕ ಬೇಡ ಅಂತ ನನ್ನ ಜೊತೆ ಜಗಳ ಆಡಿದ. ಅತ್ತಿಗೆ ಹೋದ್ರೆ ಅಂಗಡಿ ಯಾರು ನೋಡ್ತಾರೆ ಅಂದ. ನಾನೇ ಹಠ ಹಿಡಿದೆ. ಶಿಲ್ಪ ಒಂದಲ್ಲ ಒಂದು ದಿನ ಹೋಗ್ತಾಳೆ. ಇವರಿಬ್ಬರು ಒಳ್ಳೆಯವರೇ, ಅವರಿಗೆ ಅವರಿದ್ದಾರೆ. ನಾನು ಕಣ್ಣು ಮುಚ್ಚಿದ ಮೇಲೆ ನಿನ್ನನ್ನು ಊಟ ಮಾಡಿದ್ಯಾ ಅಂತ ಕೇಳೋರು ಯಾರು ಮಂಗಳಾ?"

"ನಿಮ್ಮ ಮಗನ ಹೆಂಡತಿ ಅತ್ತೆ ನಾನು."

"ಹೌದು. ಅವನು ಬಿಟ್ಟು ಹೋದದ್ದು ನಿನ್ನೊಬ್ಬಳನ್ನೇ. ಅದಕ್ಕೇ ವಾಂತಿ ಮಾಡ್ಕೊಂಡು ಇಲ್ಲಿವರೆಗೆ ಬಂದೆ. ಬೇಡ ಅಂದ್ರೆ ಬೇಡ, ಇನ್ನೊಂದು ಸಲ ಕೇಳಲ್ಲ. ಆದರೆ ಕೂತು ಹೇಳು. ಎದ್ದು ಹೋಗಬೇಡ."

ಕೂತೆ. ಅವರ ತೊಡೆ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಇವರು ಹೋದಾಗಲೂ ಹಾಗೆ ಅತ್ತಿರಲಿಲ್ಲ. ಅವತ್ತು ಬಂದವರಿಗೆಲ್ಲ ಕಾಫಿ ಮಾಡೋದಿತ್ತು.

30 ಜನವರಿ, ಮಂಗಳವಾರ

ಹಸಿರು ಸೀರೆ ಉಟ್ಟೆ. ಫೋಟೋ ಇತ್ತಲ್ಲ. ಕಂದು ಸೀರೆ ಮೇಲೆ ಟೀ ಚೆಲ್ಲಿತ್ತು ಬೇರೆ.

ಶಿಲ್ಪ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನನ್ನ ಮದುವೆ ಅಂದ್ಕೊಂಡ್ಯಾ ದೊಡ್ಡಮ್ಮ? ಆ ಬಾಯಿ ತೆರೆದು ಮಲಗೋನ ಜೊತೆ?" ಇವಳಿಗೂ ಗೊತ್ತಿತ್ತಂತೆ! ಕೋಡುಬಳೆ ತಿಂದದ್ದು ನಗು ತಡೆಯಲಿಕ್ಕಂತೆ. ಇನ್ನು ಯಾರನ್ನು ನಂಬೋದು.

ಸೋಮನಾಥ್ ಬಂದು ದೂರದಲ್ಲೇ ನಿಂತರು. "ನಿಮಗೆ ಹೇಳಿಲ್ಲ ಅನ್ನೋದನ್ನ ನನಗೂ ಹೇಳಿರಲಿಲ್ಲ. ತಪ್ಪಾಯಿತು. ಭಾನುವಾರ ಮನೆಗೆ ಒಂದು ಫೋನ್ ಮಾಡಲಾ? ಬೇಡ ಅಂದ್ರೆ ಇಲ್ಲಿಗೇ ಮುಗೀತು."

"ಅಂಗಡಿ ನಂಬರ್ ಎಲ್ಲ ಡೀಲರ್ ಹತ್ತಿರವೂ ಇದೆ" ಅಂದೆ.

"ಅಂಗಡಿಗಲ್ಲ."

ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ಎದ್ದು ಹೋಗಲಿಲ್ಲ, ಅಷ್ಟೆ.

4 ಫೆಬ್ರವರಿ, ಭಾನುವಾರ. ಮನೆ

ಫೋನ್ ಬೆಳಿಗ್ಗೆಯಿಂದ ಸತ್ತಿದೆ. ಎಲ್ಲೋ ವೈರಿನ ಮೇಲೆ ಕೊಂಬೆ ಬಿದ್ದಿದೆಯಂತೆ. ಇವತ್ತೇ ಬೀಳಬೇಕಾ? ರೇಣುಕನಿಗೆ ಅಂಗಡಿ ನೋಡೋರು ಇಲ್ಲದಾಗೋ ಭಯ ಇದೆ... ಛೆ, ಅವನು ಹೋಗಿ ಮರ ಕಡೀತಾನಾ. ಲೈನ್‌ಮ್ಯಾನ್ ಮನೆಗೆ ನಾನೇ ಹೋಗಿ ಹೇಳಿ ಬಂದೆ. ಪೈಪಿನ ಆರ್ಡರ್ ಕೊಡೋದಿತ್ತು, ಅದಕ್ಕೆ. ಆಮೇಲೂ ರಿಸೀವರ್ ಎತ್ತಿ ಎತ್ತಿ ನೋಡಿದೆ. ಅತ್ತೆ ಹೂಬತ್ತಿ ಹೊಸೆಯುತ್ತಾ, "ಭಾನುವಾರ ಪೈಪ್ ಕಂಪನಿ ತೆಗೆದಿರುತ್ತಾ?" ಅಂದರು.

11 ಫೆಬ್ರವರಿ, ಭಾನುವಾರ, ಬೆಳಿಗ್ಗೆ

ಲೈನ್ ಬುಧವಾರವೇ ಸರಿಯಾಗಿದೆ. ಮಾಡೋರಾದರೆ ಯಾವತ್ತೋ ಮಾಡಬಹುದಿತ್ತು. ಹೋದ ಭಾನುವಾರ ಎತ್ತಲಿಲ್ಲ ಅಂತ ಬೇಡ ಅಂದುಕೊಂಡರೋ ಏನೋ. ಅಥವಾ ಅಕ್ಕ ಬೇರೆ ಎಲ್ಲಾದರೂ ನೋಡಿರಬಹುದು. ನಾನು ಕಾಯ್ತಾ ಇದ್ದೇನೆ ಅಂತಲ್ಲ. ವಿಚಾರ ಮಾಡ್ತಿದ್ದೇನೆ, ಅಷ್ಟೆ. ತಿಂಡಿಗೆ ಕಡುಬು. ಕಾಯಿ ತುರಿದಿಟ್ಟು ಎರಡು ಸಾಲು ಬರೆಯೋಣ ಅಂತ ಕೂತೆ.

ಫೋನು.

ಹೊಡೀತಾ ಇದೆ. ಯಾರೂ ಎತ್ತುತ್ತಿಲ್ಲ. ರೇಣುಕ ಪಕ್ಕದಲ್ಲೇ ಕೂತಿದ್ದವನು ಪೇಪರ್ ಮುಖಕ್ಕೆ ಹಿಡಿದಿದ್ದಾನೆ. ಸುಮನಾ ಈಗಷ್ಟೇ ಗುಡಿಸಿದ ಅಂಗಳವನ್ನು ಮತ್ತೆ ಗುಡಿಸಲಿಕ್ಕೆ ಹೋದಳು. ಶಿಲ್ಪ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡಳು, ಒಳಗಿಂದ ನಗು ಕೇಳ್ತಿದೆ. ಅತ್ತೆ ಕೆಪ್ಪರ ಹಾಗೆ ಗೋಡೆ ನೋಡುತ್ತಾ ಕೂತಿದ್ದಾರೆ, ಬೆಕ್ಕು ನಡೆದರೂ ಕೇಳಿಸುವ ಕಿವಿ ಅವರದು. ಎಲ್ಲ ಸೇರಿ ಮಾಡ್ತಿರೋದು, ನನಗೆ ಗೊತ್ತಿಲ್ವಾ. ನಿಂತುಹೋಗುತ್ತೆ ಈಗ... ಇನ್ನೂ ಹೊಡೀತಿದೆ... ಸರಿ, ಕೈಯೆಲ್ಲ ಕಾಯಿತುರಿ, ಒರೆಸಿಕೊಂಡು ನಾನೇ ಎದ್ದು