ಅಕ್ಕನ ಕಿವಿಗೊಂದು ಪುಟ

ಮಾರ್ಚ್ 3, ಬೆಳಗ್ಗೆ
ಚಹಾ ಆರಿತು. ಇವತ್ತೂ ಅದೇ ಪಾಠ: ವೆಬ್ ಪುಟದಲ್ಲಿ ಫಾರ್ಮ್ ಮಾಡುವುದು. ವಿಡಿಯೋ ಮೇಷ್ಟ್ರಿಗೆ ಏನು ಅವಸರವೋ, ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿ ನಿವೃತ್ತನಾದವನಿಗೆ ಟ್ಯಾಗ್ ಜೋಡಿಸುವುದು ತೀರಾ ಹೊಸದಲ್ಲ. ತೆರೆದದ್ದನ್ನು ಮುಚ್ಚಬೇಕು, ಅಷ್ಟೇ.

ಅಕ್ಕ ನಿನ್ನೆ ಮತ್ತೆ ಹೇಳಿದಳು — ತಿಂಗಳ ಕೊನೆಗೆ ಹಾಡಿನ ಪಾಠ ನಿಲ್ಲಿಸುತ್ತಾಳಂತೆ. ಅಕ್ಕನ ಕಣ್ಣು ಹೋದ ಮೇಲೆ ಯಾವ ಶಿಷ್ಯರಿಗೆ ಯಾವ ಹೊತ್ತು ಎಂದು ನೋಡಿಕೊಳ್ಳುವವಳು ಅವಳ ಮಗಳು. ಆಕೆಗೋ ಕೈತುಂಬ ಕೆಲಸ. ಮೊನ್ನೆ ಒಂದೇ ಹೊತ್ತಿಗೆ ಇಬ್ಬರು ಬಂದು ಬಾಗಿಲಲ್ಲಿ ನಿಂತರು.

"ಎಲ್ಲದಕ್ಕೂ ಅವಳನ್ನ ಕೇಳಬೇಕು ಕಣೋ. ಸಾಕಾಯ್ತು."

ಅಕ್ಕ ತಾನೇ ನಡೆಸುವಂಥ ವೆಬ್ ಆಪ್ ಒಂದನ್ನು ಮಾಡಬೇಕು. ಪರದೆಯ ಅಕ್ಷರ ಓದಿ ಹೇಳುವ ದನಿ ಅವಳ ಫೋನಿನಲ್ಲಿ ಇದ್ದೇ ಇದೆ. ಮಾಡಿಯೇ ತೀರುತ್ತೇನೆ.

ಮಾರ್ಚ್ 14
ಪುಟ ಸಿದ್ಧ. ಪರದೆಯ ಅಕ್ಷರ ಕಣ್ಣಿಗೆ ಒಪ್ಪಲಿಲ್ಲ. ಹಳೆಯ ಮೊಳೆಯಲ್ಲೇ ಜೋಡಿಸಿ, ಅಚ್ಚೊತ್ತಿ, ಫೋಟೋ ತೆಗೆದು ಹಾಕಿದೆ — ತಲೆಬರಹ, ವಾರಗಳು, ‘ಸೇರಿಸು’ ಗುಂಡಿ, ಎಲ್ಲ. ಕೆಂಪು ಗುಂಡಿ. ಎಷ್ಟು ಚೆಂದ…

ಮಾರ್ಚ್ 15, ಸಂಜೆ
ಅಕ್ಕನ ಮನೆ. ಬೆರಳು ಸರಿಸಿದಳು. ಫೋನು ಹೇಳಿತು: ಚಿತ್ರ. ಮತ್ತೆ ಸರಿಸಿದಳು. ಚಿತ್ರ. ಚಿತ್ರ.

"ಇದೇನೋ, ಪಾಠದ ಪಟ್ಟಿಯೋ ಮದುವೆ ಆಲ್ಬಮ್ಮೋ?"

"ಕೆಳಗೆ ಕೆಂಪಗೆ ಇದೆಯಲ್ಲಕ್ಕಾ, ಅದನ್ನ ಒತ್ತು."

ಮಾತು ಬಾಯಿಂದ ಬಿದ್ದಾಗಿತ್ತು. ಅಕ್ಕ ನಕ್ಕಳು. "ಕೆಂಪಾ? ಒಳ್ಳೇದಾಯ್ತು ಬಿಡು, ನನಗೆ ಕೆಂಪೇ ಇಷ್ಟ."

ಅವಳ ಮಗಳು ತುಟಿ ಕಚ್ಚಿ ಒಳಗೆ ಹೋದಳು.

ಮಾರ್ಚ್ 19
ಫೋಟೋ ಎಲ್ಲ ಕಿತ್ತು ಹಾಕಿದೆ. ಚೆಂದದ ಅಚ್ಚು, ಹೋಗಲಿ. ತಲೆಬರಹಕ್ಕೆ ತಲೆಬರಹದ್ದೇ ಟ್ಯಾಗ್. ಗುಂಡಿಗೆ ಗುಂಡಿಯದು. ಪ್ರತಿ ಖಾನೆಗೂ ಲೇಬಲ್. ಪರದೆಯ ಮೇಲೆ ಟವೆಲ್ ಹೊದಿಸಿ ಕೇಳುತ್ತ ಕೂತೆ. ನನ್ನ ಪುಟದಲ್ಲಿ ನಾನೇ ದಾರಿ ತಪ್ಪಿದೆ. ಮತ್ತೆ ಮೊದಲಿಂದ.

ಮಾರ್ಚ್ 24
ಈ ಸಲ ಅಕ್ಕನಿಗೆ ಗುಂಡಿ ಸಿಕ್ಕಿತು. ಒತ್ತಿದಳು. ಮತ್ತೆ ಒತ್ತಿದಳು. ಪಾಠಕ್ಕೆ ಬರುವ ಔಷಧಿ ಅಂಗಡಿಯವಳ ಹೆಸರು ಎರಡು ಸಲ ಸೇರಿತು.

"ಸೇರಿತು ಅಂತ ಹಸಿರು ಪಟ್ಟಿ ಬರುತ್ತಕ್ಕಾ…" ಎನ್ನಹೊರಟು ನಾಲಿಗೆ ಕಚ್ಚಿಕೊಂಡೆ.

"ಮಾಮ, ಆ ಪಟ್ಟಿಗೂ ಬಾಯಿ ಕೊಡು" ಎಂದಳು ಅಕ್ಕನ ಮಗಳು. "ಬದಲಾದ ಮಾತನ್ನ ತಾನಾಗೇ ಓದಿಸೋಕೆ ಒಂದು ಗುರುತು ಇದೆ. ಹುಡುಕು."

ಅಕ್ಕ ಮಾತ್ರ ಫೋನು ಮಗುಚಿಟ್ಟಳು. "ಸಾಕು ಬಿಡೋ. ನಿನಗೂ ವಯಸ್ಸಾಯ್ತು, ನನಗೂ."

ಬಿಡುವುದಿಲ್ಲ.

ಮಾರ್ಚ್ 28
ಹುಡುಕಿದೆ. ಒಂದೇ ಸಾಲು. ಈಗ ದನಿ ಹೇಳುತ್ತದೆ: ‘ಸೇರಿತು’. ಅದೇ ಹೊತ್ತಿಗೆ ಇನ್ನೊಬ್ಬರನ್ನು ಹಾಕಿದರೆ: ‘ಈ ಹೊತ್ತು ಖಾಲಿ ಇಲ್ಲ’. ಹೊಸ ಪುಟ ಬಂದಿದೆ ಎಂದು ಅಕ್ಕನಿಗೆ ಫೋನಿನಲ್ಲಿ ತಿಳಿಸಿದೆ. ಹೂಂ ಎಂದಳು, ಅಷ್ಟೇ.

ಮಾರ್ಚ್ 31, ಬೆಳಗ್ಗೆ
ಅಕ್ಕನಿಂದ ಫೋನು ಬಂದಿಲ್ಲ. ಅವಳ ಮಗಳು ಊರಲ್ಲಿಲ್ಲ. ಕೇಳಬಾರದು ಎಂದುಕೊಂಡೆ. ಪುಟ ತೆರೆದೆ. ಮುಂದಿನ ತಿಂಗಳು ಪೂರ್ತಿ ಖಾಲಿ.

ಮಧ್ಯಾಹ್ನ
ಮತ್ತೆ ತೆರೆದೆ. ಏಪ್ರಿಲ್, ಮೊದಲ ಸೋಮವಾರ, ನಾಲ್ಕು ಗಂಟೆ: ಅಂಚೆಯವರ ಮಗಳು. ಒಂದೇ ಸಲ ಸೇರಿದೆ.

ಇನ್ನೊಮ್ಮೆ ತೆರೆದೆ. ಐದು ಗಂಟೆ: ಔಷಧಿ ಅಂಗಡಿಯವಳು. ಮಂಗಳವಾರ, ನಾಲ್ಕಕ್ಕೆ —