ಮನೆಯಲ್ಲಿ ಕೇಳಿ ಹೇಳುತ್ತೇನೆ

ರೆಡ್‌ವುಡ್ ಸಿಟಿ
ಭಾನುವಾರ, 28 ಡಿಸೆಂಬರ್ 1986

ಪ್ರೀತಿಯ ಅಮ್ಮನಿಗೆ ಮೈಥಿಲಿಯ ನಮಸ್ಕಾರ. ಕ್ಷೇಮ ಸಮಾಚಾರ ಆಮೇಲೆ, ಮೊದಲು ಸುದ್ದಿ.

ಜಪಾನಿನ ನನ್ನ ಕೆಲಸ ಮಾರ್ಚ್ 31ಕ್ಕೆ ಮುಗಿಯುತ್ತದೆ. ನನ್ನ ಜಾಗಕ್ಕೆ ಆಸ್ಟ್ರೇಲಿಯಾದ ಒಬ್ಬರನ್ನು ನೋಡಿಟ್ಟುಕೊಂಡಿದ್ದಾರೆ. ಇದನ್ನು ತಿಳಿಸಿದವರು ನಮ್ಮ ಶಾಲೆಯ ಉಪ ಮುಖ್ಯೋಪಾಧ್ಯಾಯ ಓನೋ ಅವರು, ಗುರುವಾರ ಸಂಜೆ ಐದು ಗಂಟೆಗೆ, ಫೋನಿನಲ್ಲಿ. ನಾನು ರಜೆಗೆಂದು ಇಲ್ಲಿ ಅಮೆರಿಕಕ್ಕೆ, ಇವರ ಹತ್ತಿರ, ಬಂದಿಳಿದು ಒಂದು ದಿನವೂ ಆಗಿರಲಿಲ್ಲ. ಅವರು ಫೋನ್ ಮಾಡಿದ್ದು ಈ ವಿಷಯಕ್ಕೂ ಅಲ್ಲ. ಅದು ನನಗೆ ಗೊತ್ತೇ ಇದೆ ಎಂದು ಅವರು ತಿಳಿದಿದ್ದರು. ಕೇಳಿದ್ದು ಇಷ್ಟು: ಬರುವ ಟೀಚರಿಗೆ ನನ್ನ ಫ್ರಿಜ್ ಬಿಟ್ಟುಹೋಗಬಹುದೇ?

ನಾನು ಕೆಲಸ ಬಿಡುತ್ತೇನೆಂದು ಯಾರು ಹೇಳಿದರು ಎಂದೆ. ಅವರು ಒಂದೊಂದೇ ಪದ ಹುಡುಕಿ, ನಿಮ್ಮ ಯಜಮಾನರ ಪತ್ರ ನವೆಂಬರಿನಲ್ಲಿ ಬಂತಲ್ಲ ಎಂದರು.

ಅಮ್ಮ, ಅಕ್ಟೋಬರಿನ ಒಂದು ಕಾಗದ ಬಿಟ್ಟರೆ, ಈ ಒಂಬತ್ತು ತಿಂಗಳು ನಿನಗೆ ಬರೆದದ್ದೆಲ್ಲ "ಚೆನ್ನಾಗಿದ್ದೇನೆ, ಚಳಿ ಜಾಸ್ತಿ" ಅಷ್ಟೇ. ಇದ್ದದ್ದನ್ನು ಇವತ್ತು ಬರೆಯುತ್ತೇನೆ.

ಮೈಸೂರಿನ ನನ್ನ ಎಂ.ಎ.ಯನ್ನು ಇಲ್ಲಿನ ಶಾಲೆಗಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎನ್ನುವುದು ನಿನಗೆ ಗೊತ್ತು. ಸಂಜೆ ತರಗತಿಯಲ್ಲಿ ನನ್ನ ಹತ್ತಿರ ಇಂಗ್ಲಿಷ್ ಕಲಿಯುತ್ತಿದ್ದ ಜಪಾನಿ ಹೆಂಗಸೊಬ್ಬರ ಅಣ್ಣ ಜಪಾನಿನ ಈ ನನ್ನ ಹಳ್ಳಿಯ ಶಿಕ್ಷಣ ಮಂಡಳಿಯಲ್ಲಿದ್ದರು. ಹಾಗೆ ಸಿಕ್ಕಿದ ಕೆಲಸ ಅದು. ಆದರೆ ಹಳ್ಳಿಯವರಿಗೆ ಹೋಗಿದ್ದ ಸುದ್ದಿ "ಅಮೆರಿಕದ ಟೀಚರು ಬರುತ್ತಾರೆ" ಎಂದು. ಏಪ್ರಿಲ್ ಏಳರಂದು ಸ್ವಾಗತಕ್ಕೆ ಅಮೆರಿಕದ ಬಾವುಟ ಕಟ್ಟಿದ್ದರು. ವೇದಿಕೆ ಹತ್ತಿದವಳು ಜಡೆ ಹಾಕಿ ಸೀರೆ ಉಟ್ಟ ನಾನು. ಚಪ್ಪಾಳೆ ಬಂತು, ಸ್ವಲ್ಪ ತಡವಾಗಿ.

ಮೊದಲ ನಾಲ್ಕು ತಿಂಗಳು ನಾನು ಟೀಚರೇ ಆಗಿರಲಿಲ್ಲ, ಟೇಪ್ ರೆಕಾರ್ಡರ್ ಆಗಿದ್ದೆ. ಪಾಠ ಮಾಡುವವರು ಅಲ್ಲಿನ ಮೇಷ್ಟ್ರು. ಅವರು ಕೈ ತೋರಿಸಿದಾಗ ನಾನು ಒಂದು ವಾಕ್ಯ ಓದಬೇಕು, ಮಕ್ಕಳು ಒಟ್ಟಿಗೆ ಹೇಳಬೇಕು. ನಾನು "ವಾಟರ್" ಎಂದರೆ ಮೇಷ್ಟ್ರು ನಿಜವಾದ ಕ್ಯಾಸೆಟ್ ಹಾಕಿ ನನಗೇ ಇನ್ನೊಂದು ಸಲ ಕೇಳಿಸುತ್ತಿದ್ದರು. ಇಂಗ್ಲಿಷಿನಲ್ಲಿ ರ‍್ಯಾಂಕ್ ಬಂದವಳಿಗೆ ಮೂವತ್ತೆಂಟು ಮಕ್ಕಳ ಎದುರು ಈ ಪಾಠ. ಊಟದ್ದು ಇನ್ನೊಂದು ಕಥೆ. ಮೀನು ತಿನ್ನುವುದಿಲ್ಲ ಎಂದು ಬರೆದು ಕೊಟ್ಟರೂ ಸಾರಿನಲ್ಲಿ, ಸೊಪ್ಪಿನಲ್ಲಿ, ಎಲ್ಲದರಲ್ಲೂ ಮೀನಿನ ಪುಡಿ. ಮಧ್ಯಾಹ್ನ ಮಕ್ಕಳ ಜೊತೆ ತರಗತಿಯಲ್ಲೇ ಉಣ್ಣಬೇಕು, ನಾನು ಮುಗಿಸುವತನಕ ಯಾರೂ ಏಳುವಂತಿಲ್ಲ. ಮಳೆಗಾಲ ಮುಗಿಯುವವರೆಗೆ ಬರೀ ಅನ್ನ, ಮೂಲಂಗಿ ಉಪ್ಪಿನಕಾಯಿ. ಸ್ನಾನದ ಮನೆಯಲ್ಲಿ ಅತ್ತಿದ್ದೇನೆ. ಬಿಟ್ಟು ಬಂದುಬಿಡೋಣ ಎಂದು ಎರಡು ಸಲ ಪೆಟ್ಟಿಗೆಯನ್ನೂ ಕಟ್ಟಿದ್ದೆ.

ಸೆಪ್ಟೆಂಬರಿನಲ್ಲಿ ಮೇಷ್ಟ್ರಿಗೆ ಅಪೆಂಡಿಸೈಟಿಸ್ ಆಗಿ ಮೂರು ವಾರ ಆಸ್ಪತ್ರೆ ಸೇರಿದರು. ತರಗತಿ ನನ್ನ ಕೈಗೆ ಬಂತು. ಕ್ಯಾಸೆಟ್ ಪಕ್ಕಕ್ಕಿಟ್ಟು, ದಿನಕ್ಕೆ ಮೂರು ಸಾಲು ನಿಮ್ಮ ಮನೆಯ ಸುದ್ದಿ ಇಂಗ್ಲಿಷಿನಲ್ಲಿ ಬರೆದು ತನ್ನಿ ಎಂದೆ. ಮೊದಲ ವಾರ "ಇಂದು ಬಿಸಿಲು" ಎಂದೇ ಎಲ್ಲರೂ ಬರೆದರು. ಎರಡನೆಯ ವಾರ ಒಬ್ಬಳು, ಅಜ್ಜಿ ಸೇಬಿನ ಮರದಿಂದ ಬಿದ್ದಳು, ಆದರೆ ಸೇಬು ಬಿಡಲಿಲ್ಲ ಎಂದು ಬರೆದಳು. ಓದಿ ಹೇಳಿದೆ, ಇಡೀ ತರಗತಿ ನಕ್ಕಿತು. ಅವತ್ತಿನಿಂದ ನೋಟ್‌ಬುಕ್ಕುಗಳ ರಾಶಿ ನನ್ನ ಮೇಜಿನ ಮೇಲೆ. ಮೇಷ್ಟ್ರು ವಾಪಸು ಬಂದು ಅವನ್ನು ಓದಿ ಕ್ಯಾಸೆಟ್ ತಾವೇ ಬೀರುವಿಗಿಟ್ಟರು.

ಅಕ್ಟೋಬರ್ ಹದಿನಾರರಂದು ಓನೋ ನನ್ನ ಮೇಜಿನ ಹತ್ತಿರ ಬಂದು, ಮುಂದಿನ ವರ್ಷವೂ ಇರುತ್ತೀರಾ, ಇದ್ದರೆ ಒಂದನೆಯ ತರಗತಿ (ನಮ್ಮೂರಿನ ಏಳನೆಯ ಕ್ಲಾಸು) ಪೂರ್ತಿ ನಿಮ್ಮದೇ ಎಂದರು. ನನಗೆ ಬೇಕಾಗಿದ್ದದ್ದು ಅದೊಂದೇ. ಹೂಂ ಎಂದರೆ ಮುಗಿಯುತ್ತಿತ್ತು. ನಾನು ಹೇಳಿದ್ದು: "ಮನೆಯಲ್ಲಿ ಕೇಳಿ ಹೇಳುತ್ತೇನೆ."

ಯಾಕೆ ಹಾಗೆ ಹೇಳಿದೆ? ಚಿಕ್ಕವಳಿದ್ದಾಗ ಶಾಲೆಯವರು ಬೇಲೂರಿನ ಪ್ರವಾಸಕ್ಕೆ ಬರುತ್ತೀಯಾ ಎಂದು ಕೇಳಿದರೆ ಹಾಗೇ ಹೇಳಬೇಕೆಂದು ನೀನು ಕಲಿಸಿದ್ದೆ. ಹೆಣ್ಣುಮಗಳು ಥಟ್ಟನೆ ಒಪ್ಪಬಾರದು. ನಮ್ಮಲ್ಲಿ ಅದು ಮರ್ಯಾದೆಯ ಮಾತು, ಕೇಳಿದವರೂ ಹಾಗೇ ತಿಳಿಯುತ್ತಾರೆ. ಓನೋ ನಿಜವಾಗಿ ಮನೆಯ ಉತ್ತರಕ್ಕೆ ಕಾದರು.

ಉತ್ತರ ಹೋಯಿತು. ನವೆಂಬರ್ ಐದರಂದು ಇವರು ಆಫೀಸಿನ ಟೈಪ್‌ರೈಟರಿನಲ್ಲಿ ಮುಖ್ಯೋಪಾಧ್ಯಾಯರಿಗೆ ಬರೆದ ಆರು ಸಾಲು: ನನ್ನ ಹೆಂಡತಿ ಮಾರ್ಚ್ ನಂತರ ಮುಂದುವರಿಯುವುದಿಲ್ಲ, ನಿಮ್ಮ ಉಪಕಾರಕ್ಕೆ ವಂದನೆ. ಜಪಾನಿನಲ್ಲಿ ರುಜು ಹಾಕುವುದಿಲ್ಲ, ಪ್ರತಿಯೊಬ್ಬರಿಗೂ ಹೆಸರು ಕೆತ್ತಿದ ಬೆರಳುದ್ದದ ಮೊಹರು ಇರುತ್ತದೆ. ಎಲ್ಲರಂತೆ ನಾನೂ ಅದನ್ನು ಮೇಜಿನ ಡ್ರಾಯರಿನಲ್ಲೇ ಬಿಡುತ್ತಿದ್ದೆ. ದಿನನಿತ್ಯದ ಕಾಗದಗಳಿಗೆ ಗುಮಾಸ್ತರೇ ತೆಗೆದು ಒತ್ತುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಇವರ ಪತ್ರ ನೋಡಿ ಶಾಲೆಯವರು ತಯಾರಿಸಿದ, ನಾನು ಕೆಲಸ ಬಿಡುವ ಕಾಗದಕ್ಕೂ ಹಾಗೇ ಒತ್ತಿದರು. ನನ್ನನ್ನು ಕೇಳಿದರೆ ನನಗೆ ಮುಜುಗರವಾದೀತೆಂದು ಕೇಳಲಿಲ್ಲವಂತೆ. ವರ್ಷಾಂತ್ಯದ ಊಟದಲ್ಲಿ ಎಲ್ಲರೂ ಸೇರಿ ಎರಡು ಟೀ ಬಟ್ಟಲು ಕೊಟ್ಟರು. ಹೊಸ ವರ್ಷದ ಉಡುಗೊರೆ ಎಂದು ಸಂತೋಷವಾಗಿ ತಂದೆ. ಅದು ಬೀಳ್ಕೊಡುಗೆ.

ಗುರುವಾರ ಫೋನ್ ಇಟ್ಟ ಕೂಡಲೇ ಇವರನ್ನು ಕೇಳಿದೆ. ಸುಳ್ಳು ಹೇಳಲಿಲ್ಲ. "ಹೌದು, ಬರೆದೆ. ಮನೇಲಿ ಕೇಳಿ ಹೇಳ್ತೀನಿ ಅಂತ ನೀನೇ ತಾನೆ ಹೇಳಿದ್ದು? ಮನೆ ಅಂದ್ರೆ ನಾನಲ್ವೇನೆ?" ಎಂದರು.

"ಕೇಳೋದು ನಾನು ರೀ. ಉತ್ತರ ಕೊಡೋದೂ ನಾನೇ" ಎಂದೆ.

"ಕೇಳಿದ್ಯಾ? ಅಕ್ಟೋಬರಿಂದ ಆರು ಲೆಟರ್ ಬರೆದಿದ್ದೀಯ. ಒಂದರಲ್ಲಾದ್ರೂ ಈ ವಿಷಯ ಇತ್ತಾ? ಒಂದು ವರ್ಷ ಅಂದೆ, ಕಳಿಸ್ದೆ. ಮೂರು ವರ್ಷ ಇಲ್ಲಿ ನೀನು ಕೊರಗೋದು ನೋಡಿದ್ದೆ, ಅದಕ್ಕೇ ಕಳಿಸ್ದೆ. ಅಪಾರ್ಟ್‌ಮೆಂಟಿಗೆ ಬಂದ್ರೆ ಮಾತಾಡೋಕೆ ಆನ್ಸರಿಂಗ್ ಮೆಷೀನು ಒಂದೇ ಇರೋದು ಕಣೆ ನಂಗೆ."

ಅದಷ್ಟೂ ನಿಜ. ಆದರೂ ನನ್ನ ಹೆಸರಿನಲ್ಲಿ ಬೇರೆಯವರು ರಾಜೀನಾಮೆ ಕೊಡುವುದು ತಪ್ಪು. ತಪ್ಪು ಎಂದೇ ಹೇಳಿದೆ. ನಾನು ಹೇಳದ ವಿಷಯ ನಿಮಗೆ ಗೊತ್ತಾದದ್ದು ಹೇಗೆ ಎಂದೂ ಕೇಳಿದೆ. ಇವರು ಒಳಗೆ ಹೋಗಿ ನಿನ್ನ ನೀಲಿ ಇನ್‌ಲ್ಯಾಂಡಿನಂಥ ಏರೋಗ್ರಾಮ್ ತಂದು ಕೈಗಿಟ್ಟರು.

ಅಮ್ಮ, ಅಕ್ಟೋಬರಿನಲ್ಲಿ ಓನೋ ಕೇಳಿದ್ದನ್ನೂ ನಾನು ಹೇಳಿದ್ದನ್ನೂ ತಿಳಿಸಿ, "ಅವರಿಗೆ ಈಗಲೇ ಹೇಳಬೇಡ, ಡಿಸೆಂಬರಿನಲ್ಲಿ ಎದುರಿಗೆ ಕೂತು ನಾನೇ ಹೇಳುತ್ತೇನೆ" ಎಂದು ನಿನಗೆ ಬರೆದಿದ್ದೆ. ನೀನು ಬರೆದದ್ದು: "ಅಳಿಯಂದಿರೇ, ಅವಳು ಇನ್ನೊಂದು ವರ್ಷ ಅಂತಿದಾಳೆ. ನೀವೇ ಒಂದು ಮಾತು ಬರೆದು ನಿಲ್ಲಿಸಿ, ಅವಳು ನಿಮ್ಮ ಮಾತು ಮೀರೋಳಲ್ಲ." ಆ ಸಾಲನ್ನು ಹತ್ತು ಸಲ ಓದಿದೆ. ಯಾರಿಗೂ ಕೆಟ್ಟದ್ದು ಮಾಡುವ ಉದ್ದೇಶವಿರಲಿಲ್ಲ. ನಿನಗಿಲ್ಲ, ಇವರಿಗಿಲ್ಲ, ಓನೋಗಂತೂ ಇಲ್ಲವೇ ಇಲ್ಲ. ಮೂರು ದೇಶದ ಮೂರು ಜನ ಒಳ್ಳೆಯವರು ಸೇರಿ ನನ್ನ ಕೆಲಸ ತೆಗೆದಿರಿ. ಜಗಳವಾಡಲು ಒಬ್ಬ ಕೆಟ್ಟವರಾದರೂ ಇದ್ದಿದ್ದರೆ ಅನ್ನಿಸುತ್ತದೆ.

ನಿನ್ನೆ ಮಾರ್ಗನ್ ಹಿಲ್‌ನಲ್ಲಿ ಜಯರಾಮ್ ಮತ್ತು ವಸುಧಾ ಅವರ ಮನೆಯಲ್ಲಿ ಊಟವಿತ್ತು. ಜಯರಾಮ್ ಇವರ ಸಹೋದ್ಯೋಗಿ. ಬಾಗಿಲಲ್ಲೇ ಶುರು: "ಏನೋ ಅರವಿಂದ, ನಿನ್ ವೈಫು ಈಗ ಇಂಪೋರ್ಟೆಡ್ ಗೂಡ್ಸು, ವರ್ಷಕ್ಕೊಂದೇ ಶಿಪ್‌ಮೆಂಟು!" ವಸುಧಾ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಏಪ್ರಿಲ್‌ಗೆ ಬರ್ತೀರಂತಲ್ಲ ಮೈಥಿಲಿ? ನಮ್ಮ ಡೇಕೇರಲ್ಲಿ ಹೇಳಿಟ್ಟಿದೀನಿ. ಮಕ್ಕಳಿಗೆ ತಿಂಡಿ ಕೊಡೋದು, ಮಲಗಿಸೋದು ಅಷ್ಟೇ. ಆರಾಮು ಕಣ್ರೀ" ಎಂದರು. ಎಂದಿನ ಅದೇ ಮರ್ಯಾದೆಯ ವಾಕ್ಯ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, "ಬೇಡ ವಸುಧಾ. ನಾನು ಅಲ್ಲಿಗೇ ವಾಪಸು ಹೋಗೋಕೆ ಕೇಳಿದೀನಿ" ಎಂದೆ. ಹಾಲಿನಲ್ಲಿದ್ದವರಿಗೂ ಕೇಳಿಸಿತು. ವಾಪಸು ಬರುವಾಗ ಫ್ರೀವೇಯಲ್ಲಿ ಸ್ಯಾನ್ ಹೋಸೆ ದಾಟಿದ ಮೇಲೆ ಇವರು, "ಎಲ್ಲಾರ ಮುಂದೇನೇ ಹೇಳ್ಬೇಕಿತ್ತಾ?" ಎಂದರು. "ನೀವು ಯಾರ ಮುಂದೆ ಹೇಳಿದ್ರಿ?" ಎಂದೆ.

ಕೇಳಿದ್ದು ನಿಜ. ಶುಕ್ರವಾರ ಸಂಜೆ, ಅಲ್ಲಿ ಶನಿವಾರ ಬೆಳಿಗ್ಗೆ, ನಾನೇ ಓನೋಗೆ ಫೋನ್ ಮಾಡಿದೆ. ಆ ಪತ್ರ ನನ್ನದಲ್ಲ, ಮೊಹರು ಒತ್ತಿದ್ದು ನಾನಲ್ಲ, ನನಗೆ ಕೆಲಸ ಬೇಕು ಎಂದೆ. ಒಂದೇ ಉಸಿರಿನಲ್ಲಿ ಮೂರು ವಾಕ್ಯ. ಅಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಅವರು ತುಂಬ ಕಷ್ಟವಾಗುತ್ತದೆ ಎಂದರು. ಆಸ್ಟ್ರೇಲಿಯಾದವರಿಗೆ ನೇಮಕದ ಕಾಗದ ಇನ್ನೂ ಹೋಗಿಲ್ಲ ಎಂದೂ ಹೇಳಿದರು. ನನ್ನ ಕೋರಿಕೆಯನ್ನು ಶಿಕ್ಷಣ ಮಂಡಳಿಯ ಮುಂದೆ ಇಡಿಸುತ್ತಾರಂತೆ. ಭರವಸೆ ಕೊಡಲಿಲ್ಲ.

ಮಂಡಳಿ ಒಪ್ಪಿದರೆ ಈ ಮನೆಯ ಗತಿ ಏನು ಎಂದು ನೀನು ಕೇಳುತ್ತೀಯ. ಗೊತ್ತಿಲ್ಲ. ಒಪ್ಪದಿದ್ದರೆ ಏನು ಎನ್ನುವುದೂ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಇವರು ಕಾಫಿ ಮಾಡಿ ನನ್ನ ಲೋಟ ಮೇಜಿನ ಮೇಲಿಟ್ಟು ಲಾಂಡ್ರಿಗೆ ಹೋದರು.

ಆರೋಗ್ಯವಾಗಿದ್ದೇನೆ. ನಿನ್ನ ಮಂಡಿ ನೋವು ಹೇಗಿದೆ, ಬರೆ.

ನಿನ್ನ ಮೇಲೆ ಸಿಟ್ಟಿರುವ ಮಗಳು,
ಮೈಥಿಲಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ನಿನ್ನ ಹತ್ತಿರ ಗುಟ್ಟು ನಿಲ್ಲುವುದಿಲ್ಲ ಎಂದು ನನಗೆ ಚಿಕ್ಕಂದಿನಿಂದ ಗೊತ್ತು. "ಅವರಿಗೆ ಹೇಳಬೇಡ" ಎಂದು ಬರೆಯುವಾಗಲೂ ಗೊತ್ತಿತ್ತು. ನೀನೇ ಇವರಿಗೆ ಹೇಳಿಬಿಟ್ಟರೆ ನಾನು ಬಾಯಿಬಿಟ್ಟು ಕೇಳುವುದು ತಪ್ಪುತ್ತದೆ ಎಂದೇ ಬರೆದೆ. ನನ್ನ ಪರವಾಗಿ ಹೇಳುತ್ತೀಯ ಎಂದುಕೊಂಡಿದ್ದೆ, ಅಷ್ಟೇ. ಇದನ್ನು ಇವರಿಗೆ ಇನ್ನೂ ಹೇಳಿಲ್ಲ. ಲಾಂಡ್ರಿಯಿಂದ ಬಂದ ಮೇಲೆ ಹೇಳುತ್ತೇನೆ. ಜನವರಿ 4, ಭಾನುವಾರ ನನ್ನ ವಿಮಾನ. ಮಂಡಳಿಯ ಸಭೆ ಜನವರಿ 12, ಸೋಮವಾರ, ಮಧ್ಯಾಹ್ನ ಎರಡು ಗಂಟೆಗೆ.