ಹಳದಿ ಗೆರೆಯ ಆಚೆ ಮೇಸ್ತ್ರಿಗೆ

ಹದಿನಾಲ್ಕನೇ ತಾರೀಕು, ಸೋಮವಾರ

ಪ್ರೀತಿಯ ಆಚೆ ಮೇಸ್ತ್ರಿ,

ಈಚೆ ಮೇಸ್ತ್ರಿಯ ನಮಸ್ಕಾರ. ಮನೆಯಲ್ಲಿ ಎಲ್ಲರೂ ಕ್ಷೇಮ ತಾನೆ? ಇಷ್ಟು ದಿನ ಒಂದು ಸಾಲೂ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ. ಮೊದಲಾದರೆ ಮೂಟೆಯ ಬಾಯಿಗೆ ಚೀಟಿ ಸಿಕ್ಕಿಸಿದರೆ ನಿನ್ನ ಕೈ ಸೇರುತ್ತಿತ್ತು. ಈಗ ಮೂಟೆಯೂ ಇಲ್ಲ, ಗಡಿಯಾಚೆಗೆ ಫೋನಂತೂ ಮೊದಲಿಂದಲೂ ಹೋಗುವುದಿಲ್ಲ. ಅಂತೂ ಇವತ್ತು ಒಬ್ಬ ಡ್ರೈವರ್ ಒಪ್ಪಿದ್ದಾನೆ. ನಡುವೆ ಲಾರಿ ನಿಲ್ಲಿಸಲು ಅವನಿಗೆ ಅಪ್ಪಣೆಯಿಲ್ಲ, ಕಾಗದವನ್ನು ನಿಮ್ಮ ಟೀ ಅಂಗಡಿಯ ಮುಂದೆ ಎಸೆದು ಹೋಗುತ್ತೇನೆ ಅಂದ.

ನಮ್ಮ ಹಮಾಲರ ಅಂಗಳ ನೋಡಿದರೆ ನಿನಗೆ ಅಳು ಬರುತ್ತದೆ. ನಿಮ್ಮ ಲಾರಿಯ ಹಿಂಭಾಗಕ್ಕೆ ನಮ್ಮ ಲಾರಿಯ ಹಿಂಭಾಗ ತಾಗಿಸಿ, ನಡುವಿನ ಗಡಿಯ ಹಳದಿ ಗೆರೆಯ ಮೇಲೆ ಮೂಟೆ ದಾಟಿಸುತ್ತಿದ್ದ ಜಾಗದಲ್ಲಿ ಈಗ ನಾಯಿ ಮಲಗಿರುತ್ತದೆ. ಆಚೆಯವನು "ಹಿಡಿದೆ" ಅನ್ನುವವರೆಗೆ ಈಚೆಯವನು ಕೈ ಬಿಡಬಾರದು ಎಂಬುದು ನಾವಿಬ್ಬರೇ ಮಾಡಿದ ಕಾಯಿದೆ. ಅದನ್ನು ಮುರಿದವನಿಗೆ ಅವತ್ತು ಟೀ ಇಲ್ಲ. ನೆನಪಿದೆಯಾ?

ನೆರೆಯವರು ನೆರೆಯವರ ಜೊತೆ ವ್ಯಾಪಾರ ಮಾಡದೆ ದೂರದ ದೊಡ್ಡವರ ಬಾಗಿಲು ಕಾಯುವುದೇಕೆ ಎಂದು ಎರಡೂ ಕಡೆಯ ಮಂತ್ರಿಗಳು ಒಪ್ಪಂದ ಮಾಡಿ ಕೈ ಕುಲುಕಿದ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ನಾವೇ. ಮಾತು ಸರಿಯೇ ಇತ್ತು, ಈಗಲೂ ಸುಳ್ಳೆನ್ನಲಾರೆ. ಈಗ ಸೀಲು ಹಾಕಿದ ಲಾರಿಗಳು ಇಲ್ಲಿ ಮೂಟೆ ಇಳಿಸದೆ ಗೆರೆ ತುಳಿದುಕೊಂಡು ನೇರ ಹೋಗುತ್ತವೆ, ದೊಡ್ಡ ಸಾಹುಕಾರರಿಗೆ ಸುಗ್ಗಿ. ಸಣ್ಣ ವ್ಯಾಪಾರಿಯ ನಾಲ್ಕು ಮೂಟೆ ಬೆಳ್ಳುಳ್ಳಿಗೂ ರಾಜಧಾನಿಯ ಲ್ಯಾಬಿನ ಸರ್ಟಿಫಿಕೇಟು ಬೇಕಂತೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಅದಕ್ಕೇ ಆ ಮೂಟೆಗಳು ಈಗ ನಮ್ಮವರ ಬೆನ್ನೇರಿ ಕಳ್ಳದಾರಿಯಲ್ಲಿ ಹೊಳೆ ದಾಟುತ್ತವೆ.

ನನ್ನ ತಮ್ಮ, ನಮ್ಮ ಬಾಯಿಬಡುಕನೂ ಹೊರಟ. ಬೇಡ ಅಂದೆ. "ಲಾರಿ ನಮ್ಮನ್ನ ಬಿಟ್ರೂ ಹೊಟ್ಟೆ ಬಿಡುತ್ತಾ ಅಣ್ಣಾ?" ಅಂದ. ಗೆರೆಯ ಈಚೆ ನಿಂತು ನಿನ್ನ ಬೋಳುತಲೆಯನ್ನು ಆಡಿಕೊಳ್ಳುತ್ತಿದ್ದವನು, ಅವನ ಬಾಯಿಗೆ ಎದುರಾಡಿ ಗೆದ್ದವರುಂಟೇ? ಈಗ ನಿಮ್ಮ ಕಡೆಯವರು ಅವನನ್ನು ಇಟ್ಟುಕೊಂಡಿದ್ದಾರೆ. ಇಲ್ಲಿನ ಗಡಿ ಆಫೀಸಿಗೆ ಹೋದರೆ, "ಒಪ್ಪಂದ ಸರಕಿಗೆ ಮಾತ್ರ ಕಣ್ರೀ, ಮನುಷ್ಯರಿಗಲ್ಲ. ರಾಜಧಾನಿಯಿಂದ ಆರ್ಡರ್ ಬರ್ಲಿ, ನೋಡೋಣ" ಅಂದರು. ಅವನನ್ನು ಗೆರೆಯವರೆಗೆ ತರುವುದು ನಿನ್ನೊಬ್ಬನಿಂದಲೇ ಆಗಬೇಕು. ಅಲ್ಲಿ ನಿನ್ನ ಮಾತು ನಡೆಯುತ್ತದೆ.

ಅಮ್ಮ ಪಕ್ಕದಲ್ಲೇ ಕೂತು ಬರೆದ ಸಾಲನ್ನೆಲ್ಲ ಓದಿಸಿಕೊಳ್ಳುತ್ತಿದ್ದಾಳೆ. "ಲಾಕಪ್ಪಲ್ಲಿ ನೆಲ ತಣ್ಣಗಿರುತ್ತೆ, ಅವನಿಗೆ ಚಳಿ ತಡೆಯೋಕಾಗಲ್ಲ. ಒಂದು ಕಂಬಳಿ ಕೊಡ್ಸು ಅಂತ ಬರಿ. ಪೊಲೀಸರ ಹತ್ರ ಬಾಯಿ ಮುಚ್ಕೊಂಡಿರು ಅಂತಾನೂ ಹೇಳಿಸು" ಅನ್ನುತ್ತಾಳೆ. ಬಂದ ಕೂಡಲೇ ಕೆನ್ನೆಗೆ ಎರಡು ಬಿಟ್ಟು, ಆಮೇಲೆ ಊಟ ಹಾಕುತ್ತಾಳಂತೆ.

ನಿನ್ನ ಮಕ್ಕಳಿಗೆ ಅಮ್ಮನ ಆಶೀರ್ವಾದ. ನಿನ್ನ ಸೊಂಟನೋವು ವಾಸಿಯಾಗಲಿ, ಹೇಗೂ ಅದಕ್ಕೀಗ ಪುರಸೊತ್ತು.

ನಿನ್ನ
ಈಚೆ ಮೇಸ್ತ್ರಿ

ತಾ.ಕ.: ಇದನ್ನು ಗೇಟಿನ ಹತ್ತಿರ, ಲಾರಿಯ ಬಾನೆಟ್ಟಿನ ಮೇಲಿಟ್ಟು ಬರೆಯುತ್ತಿದ್ದೇನೆ. ಅಮ್ಮನ ಮುಂದೆ ಬರೆಯಲಾಗಲಿಲ್ಲ. ತಮ್ಮ ಲಾಕಪ್ಪಿನಲ್ಲಿಲ್ಲ. ನಿಮ್ಮ ದೊಡ್ಡಾಸ್ಪತ್ರೆಯ ಶವಾಗಾರದಲ್ಲಿದ್ದಾನೆ. ಆಫೀಸಿನವರು ಫೋಟೊ ತೋರಿಸಿದರು, ಅವನೇ. ಹೊಳೆಯ ನಡುವೆ ಕಾಲು ಜಾರಿತಂತೆ. ಜೊತೆಗಿದ್ದವನು "ಮೂಟೆ ಬಿಡೋ, ಬಿಟ್ಬಿಡೋ" ಅಂತ ದಡದಿಂದ ಬಾಯಿ ಬಡಿದುಕೊಂಡನಂತೆ. ನಮ್ಮ ಕೈಕೆಳಗೆ ಪಳಗಿದವನು, ಬಿಡಲಿಲ್ಲ. ನೆನೆದ ಮೂಟೆಯ ಸಮೇತ ನಿಮ್ಮ ದಡಕ್ಕೆ ಸಿಕ್ಕಿದ.

ಆರ್ಡರ್ ಬರುವವರೆಗೆ ಅವನನ್ನು ಅಲ್ಲಿ ಬಿಡಲಾರೆ. ಯಾರ ಕೈಕಾಲು ಹಿಡಿದಾದರೂ ಸರಿ, ಗೆರೆಯವರೆಗೆ ಹೊತ್ತು ತಾ. ನಾನು ಈಚೆ ನಿಂತಿರುತ್ತೇನೆ. ನನಗೆ "ಹಿಡಿದೆ" ಅನ್ನಲು ಸ್ವಲ್ಪ ತಡವಾಗಬಹುದು. ಅಲ್ಲಿಯವರೆಗೆ ಕೈ ಬಿಡಬೇಡ.